ಪಂದ್ಯಕ್ಕೆ ಮುಂಚಿನ ದಿನಗಳು

ಪಂದ್ಯವನ್ನು ನೋಡತಕ್ಕವರು ಬಹುಮಂದಿ; ಅದಕ್ಕೆ ಮುಂಚಿನ ದಿನಗಳನ್ನು ಕಂಡವರು ವಿರಳ. ಸೋಲುಗೆಲುವುಗಳ ಬೀಜವಿರುವುದಾದರೋ ಬಹುಮಟ್ಟಿಗೆ ಆ ದಿನಗಳಲ್ಲಿಯೇ.

ಮದ್ದೂರು ತಾಲ್ಲೂಕಿನ ಆತಗೂರಿನಲ್ಲಿ ಒಂದು ಮನೆ. ಮನೆಯ ಹಿರಿಯರು ಯೌವನದಲ್ಲಿ ಗರಡಿಯ ಮಣ್ಣಿನಲ್ಲಿ ಹೊರಳಿ ಬೆಳೆದವರು. ಮೊಮ್ಮಗನು ಹಿಡಿದದ್ದು ಟ್ರಯಥ್ಲಾನ್ ಎಂಬ ಸ್ಪರ್ಧೆಯನ್ನು. ಈಜು, ಸೈಕಲ್ ಸವಾರಿ, ಓಟ, ಈ ಮೂರನ್ನೂ ಎಡೆಬಿಡದೆ ಪೂರೈಸಬೇಕಾದ ಪಂದ್ಯವಿದು. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದಲ್ಲಿ ಈ ಹೆಸರಿನಿಂದ ನಡೆದು, 2000ದಲ್ಲಿ ಸಿಡ್ನಿಯ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ಥಾನ ಪಡೆಯಿತು. ಅಲ್ಲಿಯ ಅಳತೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸವಾರಿ, 10 ಕಿಲೋಮೀಟರ್ ಓಟ.

ಹುಡುಗನ ಶ್ರಮದಲ್ಲಿ ತಾತನಿಗೆ ಸಂದೇಹವಿರಲಿಲ್ಲ. ಸೈಕಲ್ಲಿನಿಂದ ಇಳಿದೊಡನೆ ಕಾಲುಗಳು ಅನ್ಯರವೋ ಎಂಬಂತೆ ಭಾರವಾಗುತ್ತವೆ. ಇಳಿದು ಓಡಿ, ಇಳಿದು ಓಡಿ, ಅವನು ಅವುಗಳನ್ನು ಪಳಗಿಸಿದ್ದನು. ಅಭ್ಯಾಸದ ಮೊದಲೂ ಕೊನೆಗೂ ತೂಕ ನೋಡಿ, ಮೈ ಎಷ್ಟು ಬೆವರಿತೆಂಬುದನ್ನು ಅರಿತು, ಅದಕ್ಕೆ ತಕ್ಕಷ್ಟೇ ನೀರು ಕುಡಿಯುವನು. ಮಿತಿಮೀರಿ ಕುಡಿದ ನೀರು ರಕ್ತದ ಉಪ್ಪಿನಂಶವನ್ನು ತೆಳುಮಾಡಿ ಪ್ರಾಣಕ್ಕೇ ಎರವಾಗಬಲ್ಲದು. ಮೊದಲು ತಿಂದು ನೋಡದ ಯಾವ ಪದಾರ್ಥವನ್ನೂ ಪಂದ್ಯದ ದಿನ ಬಾಯಿಗಿಡನು.

ಸಂದೇಹ ಹುಟ್ಟಿದುದು ಪಂದ್ಯಕ್ಕೆ ಎರಡು ವಾರವಿರುವಾಗ. ಹುಡುಗನು ಅಭ್ಯಾಸವನ್ನು ಅರ್ಧಕ್ಕೆ ಇಳಿಸಿದನು. ಕೊನೆಯ ಎರಡು ದಿನ ಮುದ್ದೆಯನ್ನೂ ಬೇಡವೆಂದು ಅನ್ನ ಕೇಳಿದನು.

“ಮುದ್ದೆ ಬುಟ್ಟೋನ ಕಾಲಿಗೆ ಕಸುವು ಎಲ್ಲಿಂದ ಬಂದಾತ್ಲಾ ಮಗ?” ಎಂದನು ತಾತ.

ಹುಡುಗನು ವಿನಯದಿಂದಲೇ ತಿಳಿಯಹೇಳಿದನು. ದುಡಿಮೆಯಿಂದ ಸವೆದ ಸ್ನಾಯುಗಳು ಬಲಿಯುವುದು ವಿಶ್ರಾಂತಿಯಲ್ಲಿ. ಅನ್ನದ ಪಿಷ್ಟವು ಸ್ನಾಯುಗಳಲ್ಲಿ ಶೇಖರವಾಗಿ ಪಂದ್ಯದ ದಿನ ಉರುವಲಾಗುವುದು. ರಾಗಿಯೂ ಬಲವನ್ನೀಯುವುದೇ, ಆದರೆ ಅದರಲ್ಲಿ ನಾರು ಹೆಚ್ಚಾದುದರಿಂದ ಓಡುವವನ ಹೊಟ್ಟೆಗೆ ಅಂದು ಹೊರೆ. ತಾತನು ಮಾತನಾಡಲಿಲ್ಲ.

ಹೀಗೆ ಹೇಳಿದವನೇ, ಪಂದ್ಯಕ್ಕೆ ಹೊರಡಬೇಕಾದ ದಿನ, ಇನ್ನೂ ಕತ್ತಲೆಯಿರುವಾಗಲೇ ಸದ್ದಾಗದಂತೆ ಸೈಕಲ್ಲನ್ನು ಹೊರಗೆ ತಂದನು. ಸುಮ್ಮನಿದ್ದ ದಿನಗಳಲ್ಲಿ ಗಳಿಸಿದ ಬಲವೆಲ್ಲ ಸೋರಿಹೋಯಿತೆಂಬ ಭಯ ಅವನಿಗೆ ನಿದ್ರೆಗೊಟ್ಟಿರಲಿಲ್ಲ. ಬಾಗಿಲಲ್ಲಿ ತಾತನು ನಿಂತಿದ್ದನು.

“ಕುಸ್ತಿ ಹಿಂದಿನ ದಿನ ಮೈಗೆ ಕೆಲ್ಸ ಕೊಡಬ್ಯಾಡ ಅಂದಿದ್ರು ನಮ್ಮ ವಸ್ತಾದ್ರು. ಹೆದರಿಕೆ ತಡೀನಾರದೆ, ಕದ್ದು ಸಾಮು ಮಾಡ್ದೆ. ಮಾರ್ನೆ ದಿನ ಮಣ್ಣಲ್ಲಿ ತೋಳು ಏಳ್ನಿಲ್ಲ. ಯಾರ್ಗೂ ಯೋಳಿರ್ನಿಲ್ಲ ಕಣ್ಲಾ.”

ದೇಹವನ್ನು ದುಡಿಸಲು ಛಲ ಸಾಕು. ದುಡಿದ ದೇಹವನ್ನು ನಂಬಿ ಸುಮ್ಮನಿರಲು ಧೈರ್ಯ ಬೇಕು. ಮನಸ್ಸಿನ ಸಾಧನೆಯೆಂಬುದು ಇದೇ. ಗರಡಿಗೂ ಹೊಸ ಪಂದ್ಯಕ್ಕೂ ಇದರಲ್ಲಿ ಭೇದವಿಲ್ಲ.

ಹುಡುಗನು ಸೈಕಲ್ಲನ್ನು ಗೋಡೆಗೆ ಒರಗಿಸಿದನು. ಇಬ್ಬರೂ ಜಗಲಿಯ ಮೇಲೆ ಕುಳಿತು ಬೆಳಗಾಗುವುದನ್ನು ನೋಡಿದರು. ಅಂದು ಮಾಡಬೇಕಾಗಿದ್ದ ಅಭ್ಯಾಸ ಅಷ್ಟೇ.