ಮಗುವಿನ ಮಾತಿಗೊಂದು ಕ್ರಮ

ಮಾತೇ ಬಾರದ ಮಗುವಿನ ಕಷ್ಟ ಎಲ್ಲರ ಕಣ್ಣಿಗೂ ಬೀಳುತ್ತದೆ. ಪದಗಳು ಬಂದರೂ ಅವುಗಳನ್ನು ಜೋಡಿಸಲು ಬಾರದ ಮಗುವಿನ ಕಷ್ಟವಾದರೋ ಬೇಗನೆ ತಿಳಿಯುವುದಿಲ್ಲ. ಮನೆಯವರು ಅದನ್ನು ಹುಡುಗಾಟಿಕೆ ಎನ್ನುತ್ತಾರೆ, ಹೊರಗಿನವರು ದಡ್ಡತನ ಎನ್ನುತ್ತಾರೆ. ಅದು ಇವೆರಡೂ ಅಲ್ಲವೆಂಬುದು ನನ್ನ ಮೊಮ್ಮಗಳ ನಿಮಿತ್ತವಾಗಿ ನನಗೆ ತಿಳಿಯಿತು. ಅಂತಹ ಮಗುವಿರುವ ಮನೆಗಳಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಆಕೆಗೆ ಆಗ ಆರು ವರ್ಷ. ನೂರಾರು ವಸ್ತುಗಳ ಹೆಸರು ಬಲ್ಲಳು. ಒಂದು ಸಂಜೆ ಮೊಣಕೈ ತರಚಿಕೊಂಡು ಶಾಲೆಯಿಂದ ಬಂದಳು. "ಏನಾತವ್ವಾ?" ಎಂದು ನನ್ನ ಸೊಸೆ ಕೇಳಿದಳು. "ತಳ್ಳು... ನಾನು... ಅಕ್ಕ" ಎಂದಿತು ಮಗು. ಮತ್ತೊಮ್ಮೆ ಕೇಳಿದರೆ "ನಾನು ಅಕ್ಕ ತಳ್ಳು" ಎಂದಿತು. ತಳ್ಳಿದವರು ಯಾರು, ಬಿದ್ದವರು ಯಾರು? ಈಕೆಯೇ ಮೇಲಿನ ತರಗತಿಯ ಹುಡುಗಿಯೊಬ್ಬಳನ್ನು ತಳ್ಳಿದಳೆಂದು ತಿಳಿದು ಶಾಲೆಯಲ್ಲಿ ಬಾಗಿಲ ಹೊರಗೆ ನಿಲ್ಲಿಸಿದ್ದರಂತೆ. ನಡೆದದ್ದು ಅದಕ್ಕೆ ವಿರುದ್ಧವೆಂಬುದು ಮರುದಿನ ಜೊತೆಯ ಮಕ್ಕಳಿಂದ ತಿಳಿದುಬಂತು. ತನ್ನ ಪರವಾಗಿ ಸಾಕ್ಷಿ ನುಡಿಯಲು ಆ ಕೂಸಿನ ಬಳಿ ಮೂರು ಪದಗಳಿದ್ದವು, ವಾಕ್ಯವಿರಲಿಲ್ಲ.

ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಬೋಧಿಸಿದ ನನಗೆ ಕರ್ತೃ, ಕರ್ಮ, ಕ್ರಿಯಾಪದಗಳು ಹೊಸವಲ್ಲ. ನಮ್ಮ ನುಡಿಯ ಸಹಜ ಕ್ರಮದಲ್ಲಿ ಕೆಲಸ ಮಾಡಿದವರು ಮೊದಲು, ಅದಕ್ಕೆ ಒಳಗಾದದ್ದು ನಡುವೆ, ಕೆಲಸವು ಕೊನೆಯಲ್ಲಿ ಬರುತ್ತದೆ: "ಅಣ್ಣ ಹಣ್ಣು ತಿಂದ." ಈ ಪದಗಳನ್ನು ಹಿಂದುಮುಂದಾಗಿ ನುಡಿದರೂ ಅರ್ಥ ಕೆಡದು, ಹಣ್ಣು ಅಣ್ಣನನ್ನು ತಿನ್ನಲಾರದಷ್ಟೆ. ಆದರೆ ಎರಡೂ ಕಡೆ ಮನುಷ್ಯರಿದ್ದಾಗ ಸಂಗತಿ ಬೇರೆ. "ಅಕ್ಕ ನನ್ನನ್ನು ತಳ್ಳಿದಳು", "ನಾನು ಅಕ್ಕನನ್ನು ತಳ್ಳಿದೆ" ಎಂಬಲ್ಲಿ ತಪ್ಪು ಯಾರದೆಂದು ನಿರ್ಣಯಿಸುವುದು ದ್ವಿತೀಯಾ ವಿಭಕ್ತಿಯ 'ಅನ್ನು' ಮತ್ತು ಕ್ರಿಯಾಪದದ ಕೊನೆಯ ಪ್ರತ್ಯಯ. ಆಡುಮಾತಿನಲ್ಲಿ ಆ 'ಅನ್ನು' ಸವೆದು 'ನ್ನ' ಆಗುತ್ತದೆ. ವಸ್ತುಗಳ ಹೆಸರಿನಲ್ಲಿ ಎಷ್ಟೋ ಸಲ ಬಿಟ್ಟೇಹೋಗುತ್ತದೆ. ಬೇರೆ ಮಕ್ಕಳು ಯಾರೂ ಕಲಿಸದೆಯೇ ಇದನ್ನು ಗ್ರಹಿಸುತ್ತವೆ. ಭಾಷೆಯ ತೊಂದರೆಯುಳ್ಳ ಮಗುವಿನ ಹಿಡಿತಕ್ಕೆ ಸಿಗದೆ ಜಾರುವುದು ಇಂತಹ ಸಣ್ಣ ಧ್ವನಿಗಳೇ.

ಮಗುವನ್ನು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದೆವು. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಮೊದಲು ಆದದ್ದು ಕಿವಿಯ ಪರೀಕ್ಷೆ. ಮಾತು ತಡವಾದ ಯಾವ ಮಗುವಿಗೂ ಇದು ಮೊದಲ ಹೆಜ್ಜೆಯಾಗಬೇಕು. ನಮ್ಮ ಮಗುವಿನ ಶ್ರವಣಶಕ್ತಿ ಚೆನ್ನಾಗಿತ್ತು, ಬುದ್ಧಿಯಲ್ಲಿಯೂ ಕೊರತೆಯಿರಲಿಲ್ಲ. ಹೀಗಿದ್ದೂ ಭಾಷೆಯೊಂದೇ ಹಿಂದುಳಿಯುವುದುಂಟು. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಾಲೆಗೆ ಸೇರುವ ವಯಸ್ಸಿನ ಮಕ್ಕಳ ಪೈಕಿ ನೂರಕ್ಕೆ ಸುಮಾರು 7 ಮಕ್ಕಳಲ್ಲಿ ಇಂತಹ ತೊಂದರೆ ಕಂಡುಬಂದಿತ್ತು. ಇದು ತಾಯಿಯ ಆರೈಕೆಯ ದೋಷದಿಂದ ಬರುವುದಲ್ಲ. ಮನೆಯಲ್ಲಿ ಎರಡು ಭಾಷೆ ಆಡುವುದೂ ಇದಕ್ಕೆ ಕಾರಣವಲ್ಲ. "ಕನ್ನಡ ಬಿಟ್ಟು ಬರೀ ಇಂಗ್ಲಿಷ್ ಮಾತಾಡಿಸಿ, ಸರಿಹೋಗುತ್ತಾಳೆ" ಎಂದು ಸಲಹೆ ಕೊಟ್ಟ ಬಂಧುಗಳಿದ್ದರು. ಅಜ್ಜಿಯೊಡನೆ ಆಡುವ ಮಾತನ್ನೇ ಕಿತ್ತುಕೊಂಡರೆ ಮಗುವಿಗೆ ಉಳಿಯುವುದೇನು?

ಊರಿಗೆ ಬಂದ ಮೇಲೆ ಇಲ್ಲಿಯ ವಾಕ್ ಚಿಕಿತ್ಸಕಿಯೊಬ್ಬರು ಮೂರು ಬಣ್ಣದ ರಟ್ಟುಗಳಿಂದ ಪಾಠ ಆರಂಭಿಸಿದರು. ಇಂಗ್ಲೆಂಡಿನ ಅಲಿಸನ್ ಬ್ರಯಾನ್ ಎಂಬ ಚಿಕಿತ್ಸಕಿ 1997ರಲ್ಲಿ ಪ್ರಕಟಿಸಿದ ಪದ್ಧತಿಯಿದು. 'ಯಾರು' ಎಂಬುದಕ್ಕೆ ಕಿತ್ತಳೆ, 'ಏನು ಮಾಡಿದರು' ಎಂಬುದಕ್ಕೆ ಹಳದಿ, 'ಏನನ್ನು' ಎಂಬುದಕ್ಕೆ ಹಸಿರು. ಇಂಗ್ಲಿಷಿನಲ್ಲಿ ಹಳದಿ ನಡುವೆ ಕೂಡುತ್ತದೆ. ಕನ್ನಡಕ್ಕೆ ಅದನ್ನು ಕೊನೆಗೆ ಸರಿಸಬೇಕಾಯಿತು. ಮೊದಲ ವಾರಗಳಲ್ಲಿ ಎರಡೇ ರಟ್ಟು: "ಹಾಲು ಕುಡಿ", "ಬಾಗಿಲು ಹಾಕು". ಬಳಿಕ ಮೂರು: "ಅಮ್ಮ ರೊಟ್ಟಿ ಮಾಡಿದಳು." ತಿಂಗಳುಗಳು ಕಳೆದ ಮೇಲೆ ಎರಡು ಬೊಂಬೆಗಳು ಬಂದವು. ಒಂದು ಇನ್ನೊಂದನ್ನು ತಳ್ಳುವುದು, ಎತ್ತುವುದು, ಕರೆಯುವುದು. ಆಗ ಹಸಿರು ರಟ್ಟಿನ ತುದಿಗೆ 'ನ್ನ' ಎಂಬ ಚೂರೊಂದನ್ನು ಅಂಟಿಸಿ, ಅದನ್ನು ತುಸು ಒತ್ತಿ ನುಡಿಯುತ್ತಿದ್ದರು. ಪದಕ್ರಮವೆಂಬ ಗೂಟ ಗಟ್ಟಿಯಾದ ಮೇಲೆಯೇ ಪ್ರತ್ಯಯವೆಂಬ ಹಗ್ಗ ನಿಂತಿತು.

ಚಿಕಿತ್ಸೆ ವಾರಕ್ಕೆರಡು ಗಂಟೆ. ಉಳಿದ ಹೊತ್ತೆಲ್ಲ ಮನೆಯದು. ಮಗು "ತಿಂದ ದೋಸೆ ಅಣ್ಣ" ಎಂದರೆ, "ತಪ್ಪು, ಸರಿಯಾಗಿ ಹೇಳು" ಎನ್ನಬಾರದೆಂದು ಅವರು ತಿಳಿಸಿದರು. "ಹೌದವ್ವಾ, ಅಣ್ಣ ದೋಸೆ ತಿಂದ" ಎಂದು ನಾವು ಸರಿಯಾದ ರೂಪವನ್ನು ನುಡಿದು ಮುಂದೆ ಸಾಗಬೇಕು. ಮಗು ಅದನ್ನು ಮರಳಿ ಹೇಳಲಿ ಬಿಡಲಿ, ಒತ್ತಾಯ ಸಲ್ಲದು. ಅದು ಮಾತಿಗೆ ತಡಕಾಡುವಾಗ ನಾವೇ ವಾಕ್ಯ ಮುಗಿಸಿಕೊಡದೆ ತುಸು ಕಾಯಬೇಕು. ಹೇಳಲು ಸುಲಭ, ಆಚರಿಸಲು ಕಷ್ಟ. ಅವಸರದ ಬೆಳಗಿನಲ್ಲಂತೂ ಬಹಳ ಕಷ್ಟ. ಆದರೂ ನಮ್ಮ ಮನೆಯಲ್ಲಿ ಎಲ್ಲರೂ ಕಲಿತರು. ಸಣ್ಣ ಮೊಮ್ಮಗನೂ ಕಲಿತ.

ಎರಡು ವರ್ಷಗಳ ಸಾಧನೆಯ ಬಳಿಕ ಇಂದು ಆಕೆಗೆ ಮೂರು ಪದಗಳ ವಾಕ್ಯ ಸಲೀಸು. "ಅಮ್ಮ ಮಾಡಿದ ಉಪ್ಪಿಟ್ಟನ್ನು ಅಣ್ಣ ತಿಂದ" ಎಂಬಂತಹ ಉದ್ದ ವಾಕ್ಯ ಇನ್ನೂ ತೊಡಕೇ. ಅದಕ್ಕೂ ಕಾಲ ಬಂದೀತು. ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ನಾಲ್ಕು ವರ್ಷ ದಾಟಿದ ಮಗು ಪದಗಳನ್ನು ಚೆಲ್ಲಾಪಿಲ್ಲಿಯಾಗಿ ನುಡಿಯುತ್ತಿದ್ದರೆ, "ದೊಡ್ಡವನಾದರೆ ತಾನೇ ಸರಿಹೋದೀತು" ಎಂದು ವರ್ಷಗಳನ್ನು ಕಳೆಯಬೇಡಿ. ಕಿವಿ ತೋರಿಸಿ, ತಜ್ಞರನ್ನು ಕಾಣಿ, ಮನೆಯಲ್ಲಿ ತಾಳ್ಮೆಯಿಂದ ಮಾತಾಡಿಸಿ. ಯಾರು ಯಾರಿಗೆ ಏನು ಮಾಡಿದರೆಂದು ಹೇಳಬಲ್ಲ ಮಗುವಿನ ಮಾತನ್ನು ಲೋಕ ಕೇಳಲೇಬೇಕಾಗುತ್ತದೆ.