ಕೈ ಕಾಯಿಸಿಕೊಂಡ ಡಾಕ್ಟರು

ಕೊರಿಯಾ ಯುದ್ಧದ ಡಾಕ್ಟರುಗಳ ಮೇಲೆ ಅಮೆರಿಕದಲ್ಲಿ ಒಂದು ಹಾಸ್ಯ ಧಾರಾವಾಹಿ ಬರುತ್ತಿತ್ತು. ಹೆಸರು 'ಮ್ಯಾಶ್'. 1972ರಿಂದ 1983ರವರೆಗೆ ನಡೆಯಿತು. ಯುದ್ಧದ ಜಾಗಕ್ಕೆ ಹತ್ತಿರದಲ್ಲೇ ಟೆಂಟು ಹಾಕಿದ ಮಿಲಿಟರಿ ಆಸ್ಪತ್ರೆ, ಅಲ್ಲಿನ ಡಾಕ್ಟರು, ನರ್ಸು, ಪಾದ್ರಿ, ಗುಮಾಸ್ತ. ಬಿಡುವಿದ್ದಾಗ ಒಬ್ಬರ ಕಾಲು ಒಬ್ಬರು ಎಳೆಯುತ್ತಾರೆ. ಹೆಲಿಕಾಪ್ಟರ್ ಸದ್ದು ಕೇಳಿದರೆ ಎಲ್ಲ ಬಿಟ್ಟು ಓಡುತ್ತಾರೆ. ಗಾಯಾಳುಗಳು ಬಂದರು ಅಂತ ಅರ್ಥ.

ಅದರ ಒಂದು ಕಂತನ್ನು ಈಚೆಗೆ ಮೊಬೈಲಿನಲ್ಲಿ ಎರಡು ಸಲ ನೋಡಿದೆ. 1976ರ ಫೆಬ್ರುವರಿಯಲ್ಲಿ ಬಂದದ್ದು, ಹೆಸರು 'ದಿ ಇಂಟರ್‌ವ್ಯೂ'. ಇಡೀ ಕಂತು ಕಪ್ಪು-ಬಿಳುಪು. ಹಿಂದಿನಿಂದ ಕೇಳುವ ನಗುವಿನ ಸದ್ದಿಲ್ಲ. ಕಥೆ ಅಂತಲೂ ಇಲ್ಲ. ಟಿವಿ ವರದಿಗಾರನೊಬ್ಬ ಕ್ಯಾಂಪಿಗೆ ಬಂದು ಒಬ್ಬೊಬ್ಬರನ್ನೇ ಮಾತಾಡಿಸುತ್ತಾನೆ, ಅಷ್ಟೇ. ಆ ಪಾತ್ರ ಮಾಡಿದ ಕ್ಲೀಟ್ ರಾಬರ್ಟ್ಸ್ ನಿಜಕ್ಕೂ ಯುದ್ಧದ ವರದಿ ಮಾಡಿದವರು. ಬರೆದು ನಿರ್ದೇಶಿಸಿದ್ದು ಲ್ಯಾರಿ ಗೆಲ್ಬಾರ್ಟ್. ಆದರೆ ಉತ್ತರಗಳಲ್ಲಿ ಬಹಳಷ್ಟು ನಟರು ತಮ್ಮ ಪಾತ್ರದೊಳಗೆ ನಿಂತು ತೋಚಿದಂತೆ ಹೇಳಿದ್ದು.

ಮೈಕು ಹಿಡಿದು ತಿರುಗುವ ನನಗೆ ಕಂಡದ್ದು ಆತನ ಪ್ರಶ್ನೆಗಳು. ಸಣ್ಣ ಸಣ್ಣವು. ಜೊತೆಗೆ ಯಾವ ಪುಸ್ತಕ ತಂದಿರಿ ಅಂತ ಕೇಳಿದರೆ ಡಾಕ್ಟರ್ ಹಾಕ್‌ಐ ಡಿಕ್ಷನರಿ ಅನ್ನುತ್ತಾನೆ. ಬೇರೆ ಎಲ್ಲ ಪುಸ್ತಕವೂ ಅದರೊಳಗೇ ಇದೆಯಲ್ಲ ಎಂಬುದು ಅವನ ಲೆಕ್ಕ. ನಗು ಬರುತ್ತದೆ. ಯುದ್ಧದಿಂದ ಏನಾದರೂ ಒಳ್ಳೆಯದಾಯಿತೇ ಅಂದರೆ, ಇಡೀ ಆಯುಷ್ಯ ಸೈನ್ಯದಲ್ಲೇ ಕಳೆದ ಕರ್ನಲ್ ಪಾಟರ್ ಏನೂ ಇಲ್ಲ ಅಂದುಬಿಡುತ್ತಾನೆ.

ಇಲ್ಲಿದ್ದು ನೀವು ಬದಲಾಗಿದ್ದೀರಾ ಎಂಬ ಪ್ರಶ್ನೆಗೆ ಪಾದ್ರಿ ಮಲ್ಕಾಹಿ ಹೇಳುವುದು ಮಾತ್ರ ಮರೆಯಲಾಗದು. ಕಡು ಚಳಿಯಲ್ಲಿ ಡಾಕ್ಟರು ಗಾಯಾಳುವಿನ ದೇಹ ಕೊಯ್ದಾಗ ಒಳಗಿನಿಂದ ಬಿಸಿ ಹಬೆ ಏಳುತ್ತದೆ. ಡಾಕ್ಟರು ಅದಕ್ಕೇ ಕೈಯೊಡ್ಡಿ ಕಾಯಿಸಿಕೊಳ್ಳುತ್ತಾರೆ. ಇದನ್ನು ಕಂಡವನು ಬದಲಾಗದೆ ಇರಲು ಸಾಧ್ಯವೇ ಅನ್ನುತ್ತಾನೆ ಆತ. ಇದು ಕಟ್ಟಿದ ಮಾತಲ್ಲ. ಕೊರಿಯಾದಲ್ಲಿ ಕೆಲಸ ಮಾಡಿ ಬಂದ ಡಾಕ್ಟರುಗಳಿಂದ ತಿಳಿದದ್ದು. ಯುದ್ಧ ನಡೆಯುವಾಗ ಭಾರತವೂ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯರ ತುಕಡಿಯನ್ನು ಅಲ್ಲಿಗೆ ಕಳಿಸಿತ್ತು. ಅದರ ಮುಖ್ಯಸ್ಥರು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್. ಅದೇ ಚಳಿಯಲ್ಲಿ ನಮ್ಮವರೂ ದುಡಿದಿದ್ದಾರೆ.

ನಮ್ಮ ಕಡೆ ಬಸ್ಸು ಉರುಳಿದರೆ ಸ್ಟ್ರಿಂಗರುಗಳೆಲ್ಲ ಆಸ್ಪತ್ರೆಗೆ ಓಡುತ್ತೇವೆ. ಡೆಸ್ಕಿಗೆ ಬೇಕಾದದ್ದು ಮೂರೇ: ಸತ್ತವರ ಸಂಖ್ಯೆ, ಅಳುವವರ ಮುಖ, ಶಾಸಕರ ಬೈಟ್. ಒಮ್ಮೆ ಇಂಥದೇ ಅಪಘಾತವಾಗಿ ಮೂರು ದಿನಕ್ಕೆ, ಹೆಣಗಳನ್ನು ಎತ್ತಿ ಸಾಗಿಸಿದ್ದ ಆಸ್ಪತ್ರೆ ನೌಕರರೊಬ್ಬರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. "ಊಟ ಆಯ್ತಾ ಅಣ್ಣಾ?" ಅಂದೆ.

"ಆಯ್ತಪ್ಪ. ಚಮಚದಾಗ ಉಣ್ತಾ ಇದೀನಿ. ಎಷ್ಟು ತೊಳೆದ್ರೂ ಕೈ ವಾಸನೆ ಹೋಗ್ವಲ್ದು."

ಅವರ ಹೆಸರು ಹಾಕದೆ ಈ ಮಾತನ್ನು ಬರೆದು ಕಳಿಸಿದೆ. ಸುದ್ದಿ ಹಳೆಯದಾಯಿತು ಅಂತ ಅದು ಬರಲಿಲ್ಲ. ಅಪಘಾತ ಹಳೆಯದಾಗಿತ್ತು ನಿಜ, ಆದರೆ ಅವರ ಕೈಗೆ ಹಳೆಯದಾಗಿರಲಿಲ್ಲ. ಕಾಪಾಡುವವರಿಗೂ ಏನಾದರೂ ಆಗುತ್ತದೆ ಎಂಬುದು ನಮ್ಮ ಸುದ್ದಿಯ ಲೆಕ್ಕದಲ್ಲಿ ಇಲ್ಲ. ಇಪ್ಪತ್ತೈದು ನಿಮಿಷದ ಒಂದು ಹಾಸ್ಯ ಕಂತು ಆ ಲೆಕ್ಕ ಹಿಡಿದಿದೆ, ಅದೂ ಬರೀ ಕೇಳಿ, ಕಾದು.

ನಿಮ್ಮೂರ ಆಂಬುಲೆನ್ಸ್ ಡ್ರೈವರು, ನರ್ಸಮ್ಮ, ಆಶಾ ಅಕ್ಕ ಸಿಕ್ಕಾಗ ಒಂದು ಮಾತು ಕೇಳಿ ನೋಡಿ. ದೊಡ್ಡ ಪ್ರಶ್ನೆ ಬೇಡ, ಊಟದಿಂದ ಶುರು ಮಾಡಿ. ನಾವು ಮೈಕು ಹಿಡಿದು ನಿಮ್ಮ ಅಂಗಳಕ್ಕೆ ನುಗ್ಗಿ "ಏನನ್ನಿಸ್ತಿದೆ" ಅಂತ ಕೇಳಿದರೆ, ಮೊದಲು ಕೂತ್ಕೊಳಪ್ಪ ಅನ್ನಿ.