ಇರುಂಗಾಟ್ಟುಕೋಟೆಯಲ್ಲಿ ಗಾಳಿಯ ಲೆಕ್ಕ

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿ ಹಿಡಿದವರಿಗೆ ಕಾಂಚೀಪುರದ ಕಡೆ ಹೋಗುವ ತಿರುವು ದಾಟಿದ ಮೇಲೆ ಶ್ರೀಪೆರುಂಬುದೂರು ಸಿಗುತ್ತದೆ. ಮೇಲುಕೋಟೆಯನ್ನು ಬಲ್ಲ ಕನ್ನಡಿಗರಿಗೆ ಅದು ರಾಮಾನುಜಾಚಾರ್ಯರು ಹುಟ್ಟಿದ ಊರು. ಇನ್ನೂ ಸ್ವಲ್ಪ ಮುಂದೆ, ಕಾರ್ಖಾನೆಗಳ ನಡುವೆ ಇರುಂಗಾಟ್ಟುಕೋಟೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಸುಮಾರು 3.7 ಕಿ.ಮೀ. ಉದ್ದದ ರೇಸ್ ಪಥ ಇಲ್ಲಿ 1990ರಲ್ಲಿ ಆರಂಭವಾಯಿತು. ಅದಕ್ಕೂ ಮೊದಲು ಶೋಳಾವರಂನ ಹಳೆಯ ವಿಮಾನ ಓಡುದಾರಿಯೇ ರೇಸಿನ ಅಂಗಳವಾಗಿತ್ತು.

ಶುಲ್ಕ ಕಟ್ಟಿದವರಿಗೆ ತಮ್ಮದೇ ಬೈಕನ್ನು ಈ ಪಥದಲ್ಲಿ ಓಡಿಸಲು ಬಿಡುವ ದಿನಕ್ಕೆ 'ಟ್ರ್ಯಾಕ್ ಡೇ' ಎಂದು ಹೆಸರು. ಎದುರಿನಿಂದ ಲಾರಿ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ವೇಗದ ಹುಚ್ಚು ಹಿಡಿದ ಮಗನಿರುವ ತಂದೆತಾಯಿಗೆ ಊರಿನ ವರ್ತುಲ ರಸ್ತೆಗಿಂತ ಇದೇ ವಾಸಿ. ಆದರೆ ಇಲ್ಲಿ ತಿರುವಿನಲ್ಲಿ ಬೈಕನ್ನು ಹಿಡಿದು ನಿಲ್ಲಿಸುವುದು ಅಂಗೈಯಗಲದ ಎರಡು ರಬ್ಬರು ತುಂಡುಗಳು ಮಾತ್ರ.

ಬೆಂಗಳೂರಿನ ಹುಡುಗರು ನಸುಕಿನಲ್ಲಿ 20 ಡಿಗ್ರಿ ತಂಪಿರುವಾಗ ಟೈರಿಗೆ 32 ಪಿ.ಎಸ್.ಐ. ಗಾಳಿ ತುಂಬಿಸಿ ಹೊರಡುತ್ತಾರೆ. ಇಲ್ಲಿಗೆ ಬಂದು ಟೈರು ತಣಿದ ಮೇಲೆ ನೋಡಿದರೆ ಮಾಪಕ ಮತ್ತೆ 32 ತೋರಿಸಬಹುದು. ಏನೂ ಬದಲಾಗಿಲ್ಲವೆಂದು ಅರ್ಥವೇ? ಅಲ್ಲ. ಮಾಪಕ ತೋರಿಸುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ವಾಯುಭಾರಕ್ಕೂ ಇರುವ ವ್ಯತ್ಯಾಸವನ್ನು. 900 ಮೀಟರು ಎತ್ತರದ ಬೆಂಗಳೂರಿನಿಂದ ಸಮುದ್ರಮಟ್ಟದ ಹತ್ತಿರಕ್ಕೆ ಇಳಿದಾಗ ಹೊರಗಿನ ವಾಯುಭಾರ ಸುಮಾರು ಒಂದೂವರೆ ಪಿ.ಎಸ್.ಐ. ಹೆಚ್ಚುತ್ತದೆ, ಮಾಪಕ ಅಷ್ಟು ಕಡಿಮೆ ತೋರಿಸಬೇಕು. ಹವೆ ಹತ್ತು ಡಿಗ್ರಿ ಏರಿದ್ದರಿಂದ ಒಳಗಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ ಏರಿರುತ್ತದೆ. ಕೂಡಿದ್ದು ಕಳೆದದ್ದು ಸರಿಹೋಯಿತು!

ಪಥಕ್ಕೆ ಇಳಿದ ಮೇಲೆ ಈ ಸರಿಹೋಗುವಿಕೆ ಇಲ್ಲ. ಪಿ.ಯು.ಸಿ. ವಿದ್ಯಾರ್ಥಿಗಳೇ ಲೆಕ್ಕ ಹಾಕಿ ನೋಡಿ. 27 ಡಿಗ್ರಿ, ಅಂದರೆ 300 ಕೆಲ್ವಿನ್‌ನಲ್ಲಿ ಮಾಪಕ 30 ತೋರಿಸುತ್ತಿದೆ. ವಾಯುಭಾರ 14.7 ಸೇರಿಸಿದರೆ 44.7. ನಾಲ್ಕಾರು ಸುತ್ತು ಹೊಡೆದ ಟೈರಿನೊಳಗಿನ ಗಾಳಿ 70 ಡಿಗ್ರಿಗೆ ಕಾದರೆ ಅದು 51.1 ಆಗುತ್ತದೆ, ಮಾಪಕದಲ್ಲಿ 36.4. ಗಾಳಿ ಹೆಚ್ಚಾದರೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗಿ ಟೈರು ಜಾರುತ್ತದೆ. ತೀರಾ ಕಡಿಮೆಯಾದರೆ ಟೈರು ಬಳುಕಿ ಬಳುಕಿ ಅತಿಯಾಗಿ ಕಾಯುತ್ತದೆ. ಆದ್ದರಿಂದ ಪಳಗಿದವರು ಪಿಟ್ಟಿಗೆ ಬಂದ ತಕ್ಷಣ, ಹೆಲ್ಮೆಟ್ಟು ತೆಗೆಯುವ ಮೊದಲೇ, ಮಾಪಕಕ್ಕೆ ಕೈ ಹಾಕುತ್ತಾರೆ. ಬಿಸಿ ಟೈರಿನಲ್ಲಿ ಎಷ್ಟಿರಬೇಕೆಂಬುದನ್ನು ಟೈರಿನ ತಯಾರಕರೇ ಹೇಳಿರುತ್ತಾರೆ. ಗೆಳೆಯನ ಬೈಕಿನ ಅಂಕಿಯನ್ನು ನಕಲು ಹೊಡೆಯುವುದು ಪರೀಕ್ಷೆಯಲ್ಲಿ ಹೇಗೋ ಇಲ್ಲೂ ಹಾಗೆಯೇ.

ಸಸ್ಪೆನ್ಷನ್ನಿನ ವಿಷಯಕ್ಕೆ ಹೊಲಿಗೆಯ ಟೇಪು ಸಾಕು. ಚಕ್ರ ನೆಲದಿಂದ ಎದ್ದಿರುವಾಗ ಅಚ್ಚಿನಿಂದ ಮೇಲಿನ ಒಂದು ಗುರುತಿಗೆ ಅಳೆಯಬೇಕು. ಸವಾರ ಪೂರ್ತಿ ಉಡುಪಿನಲ್ಲಿ ಕೂತಾಗ ಮತ್ತೆ ಅಳತೆ. ಕುಸಿತ ಸಾಮಾನ್ಯವಾಗಿ 30ರಿಂದ 40 ಮಿ.ಮೀ. ಇದ್ದರೆ ಸರಿ. ಹಿಂದಿನ ಸ್ಪ್ರಿಂಗಿನ ತಿರುಪು ಬಿಗಿ ಮಾಡಿದರೆ ಸ್ಪ್ರಿಂಗೇ ಗಟ್ಟಿಯಾಯಿತೆಂದು ಹಲವರು ನಂಬಿದ್ದಾರೆ. ಸ್ಪ್ರಿಂಗು ಮೊದಲಿನದೇ, ಸವಾರ ಕೂತಾಗ ಬೈಕು ಕುಸಿಯುವುದು ಕಡಿಮೆಯಾಗುತ್ತದೆ, ಅಷ್ಟೆ. ಎಣ್ಣೆಯ ತಡೆಯನ್ನು ಹೊಂದಿಸುವ ತಿರುಪು ಇರುವ ಬೈಕಿನಲ್ಲಿ ಒಂದೆರಡು 'ಟಿಕ್' ತಿರುಗಿಸಿ ಒಂದು ಸರದಿ ಓಡಿಸಿ ನೋಡಬೇಕು. ಗಾಳಿಯನ್ನೂ ತಿರುಪನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು. ಜೇಬಿನಲ್ಲಿ ನೋಟುಬುಕ್ಕು ಇಟ್ಟುಕೊಂಡವರೇ ಇಲ್ಲಿ ಬೇಗ ಕಲಿಯುವವರು.

ನಿಜವಾದ ಅಪಾಯ ಸಂಜೆಯದು. ಪಥಕ್ಕಾಗಿ ಗಾಳಿ ಇಳಿಸಿದ ಟೈರಿನಲ್ಲೇ, ಬೆನ್ನಿಗೆ ಚೀಲ ಕಟ್ಟಿಕೊಂಡು 300 ಕಿ.ಮೀ. ದೂರದ ಬೆಂಗಳೂರಿಗೆ ಹೊರಡುವವರಿದ್ದಾರೆ. ಬಿಸಿಯಲ್ಲಿ 32 ತೋರುವ ಟೈರು ತಣ್ಣಗಾದಾಗ 26ಕ್ಕೆ ಇಳಿದಿರುತ್ತದೆ. ಬಲ್ಲವರು ಬೈಕನ್ನು ನೆರಳಿಗೆ ತಳ್ಳಿ, ಚಹಾ ಕುಡಿಯುತ್ತಾ, ಮುಂದಿನ ಟೈರಿಗೆ ಆಗಾಗ ಅಂಗೈ ಒತ್ತಿ ನೋಡುತ್ತಾ ಕೂರುತ್ತಾರೆ. ಅದು ಪೂರ್ತಿ ಆರಿದ ಮೇಲೆಯೇ ಗಾಳಿಯ ಪಂಪು ಕೈಗೆ.